ಬೇಡ ಎನ್ನುತ್ತಲೇ ಹಾಡಿದ ಆನಿ ಡಿಫ್ರಾಂಕೊ

ಕೆರೆದಂಡೆ

ಅಮೆರಿಕದ ಹಾಡುಗಾರ್ತಿ ಆನಿ ಡಿಫ್ರಾಂಕೊ ಅವರ ಊರಾದ ಬಫಲೊ ನಗರದಲ್ಲಿ ಎರಡು ವರ್ಷ ಓದಿದ್ದೇನೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ದಂಡೆಯ ಮೇಲಿರುವ ಊರು. ಚಳಿಗಾಲದಲ್ಲಿ ಸರೋವರದ ಮೇಲಿಂದ ಬೀಸುವ ಗಾಳಿ ಒಂದೇ ರಾತ್ರಿಯಲ್ಲಿ ಮೊಣಕಾಲು ಮುಳುಗುವಷ್ಟು ಹಿಮ ಸುರಿದು ಹೋಗುತ್ತದೆ. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಜನ ಊರು ಬಿಟ್ಟರು. ನಾನಿದ್ದ ಬೀದಿಯಲ್ಲೇ ಮೂರು ಮನೆಗಳು ಖಾಲಿ ಬಿದ್ದಿದ್ದವು.

ಆ ಊರಿನ ಡೆಲವೇರ್ ಅವೆನ್ಯೂನಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ಕಲ್ಲಿನ ಚರ್ಚ್ ಇದೆ. ಪಾಳು ಬಿದ್ದು, ಕಲ್ಲು ಉದುರಲು ಶುರುವಾಗಿ, 1990ರ ದಶಕದಲ್ಲಿ ನಗರಾಡಳಿತ ಅದನ್ನು ಕೆಡವಲು ಹೊರಟಿತ್ತು. ಅದನ್ನು ಉಳಿಸಿದವರು ಅದೇ ಊರಿನಲ್ಲಿ ಹುಟ್ಟಿ ಬೆಳೆದ ಹಾಡುಗಾರ್ತಿ ಆನಿ ಡಿಫ್ರಾಂಕೊ ಮತ್ತು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸ್ಕಾಟ್ ಫಿಶರ್. ಈಗ ಅದರ ಹೆಸರು ಬೇಬ್‌ವಿಲ್. ಒಳಗೆ ಸಂಗೀತ ಸಭಾಂಗಣವಿದೆ, ಕಲಾ ಕೇಂದ್ರವಿದೆ, ಆನಿಯವರ ಸ್ವಂತ ಧ್ವನಿಮುದ್ರಣ ಸಂಸ್ಥೆಯ ಕಚೇರಿಯಿದೆ. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಕುಳಿತು ನಾನು ಮೊದಲ ಬಾರಿಗೆ ಅಲ್ಲಿ ಒಂದು ಸಂಗೀತ ಕಛೇರಿ ಕೇಳಿದಾಗ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಹೇಳಿದರು: ಈ ಮಾಡನ್ನು ಹಾಡು ಕಟ್ಟಿತು, ಮಗಳೇ.

ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಮೆರಿಕದ ಸಂಗೀತವೆಂದರೆ ಲಾಸ್ ಏಂಜಲೀಸ್, ನ್ಯೂಯಾರ್ಕ್, ನ್ಯಾಶ್‌ವಿಲ್‌ನ ದೊಡ್ಡ ಕಂಪನಿಗಳು ಎಂದುಕೊಂಡಿದ್ದವಳು ನಾನು. ಈ ಹೆಣ್ಣುಮಗಳು ಆ ಕಂಪನಿಗಳ ಹಂಗಿಲ್ಲದೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಾಡಿಕೊಂಡು ಬಂದಿದ್ದಾರೆ. ಹುಟ್ಟಿದ್ದು 1970ರಲ್ಲಿ. ಒಂಬತ್ತರ ವಯಸ್ಸಿಗೆ ಗಿಟಾರ್ ಕೈಗೆ ಬಂತು. ಮೈಕೆಲ್ ಮೆಲ್ಡ್ರಮ್ ಎಂಬ ಸ್ಥಳೀಯ ಗಾಯಕರು ಆ ಪುಟ್ಟ ಹುಡುಗಿಯನ್ನು ಕರೆದುಕೊಂಡು ಹೋಗಿ ಊರಿನ ಹೋಟೆಲು, ಮದ್ಯದಂಗಡಿಗಳಲ್ಲಿ ಹಾಡಿಸಿದರು. ಹದಿನೈದರ ಹೊತ್ತಿಗೆ ಒಂಟಿಯಾಗಿ ಬದುಕುತ್ತಿದ್ದರು. 1990ರಲ್ಲಿ, ಇಪ್ಪತ್ತು ತುಂಬುವ ಹೊತ್ತಿನಲ್ಲಿ, ಮೊದಲ ಧ್ವನಿಸುರುಳಿಯ 500 ಪ್ರತಿಗಳನ್ನು ಮಾಡಿಸಿ ಹಾಡಿದ ಕಡೆಯಲ್ಲೆಲ್ಲ ಮಾರಿದರು. ಅದೇ ವರ್ಷ ಸ್ವಂತ ಸಂಸ್ಥೆಯನ್ನೂ ಹುಟ್ಟುಹಾಕಿದರು. ಅದೇ ರೈಚಸ್ ಬೇಬ್ ರೆಕಾರ್ಡ್ಸ್. ನ್ಯೂಯಾರ್ಕ್ ನಗರಕ್ಕೆ ಹೋದರು, ಕಾರಿನಲ್ಲಿ ಗಿಟಾರ್ ಹಾಕಿಕೊಂಡು ಕಾಲೇಜುಗಳು, ಕಾಫಿ ಅಂಗಡಿಗಳು, ಜಾನಪದ ಉತ್ಸವಗಳನ್ನು ಸುತ್ತಿದರು. ದೊಡ್ಡ ಕಂಪನಿಗಳು ಬಂದು ಬಾಗಿಲು ತಟ್ಟಿದಾಗ ಬೇಡ ಎಂದರು. ಮತ್ತೆ ಬಂದವು. ಮತ್ತೆ ಬೇಡ ಎಂದರು.

ಅವರ ಸಂಸ್ಥೆಯ ಉಚಿತ ದೂರವಾಣಿ ಸಂಖ್ಯೆಯನ್ನು ಅಕ್ಷರಗಳಲ್ಲಿ ಓದಿದರೆ ‘ಆನ್ ಹರ್ ಓನ್’ ಎಂದಾಗುತ್ತಿತ್ತು. ತನ್ನ ಕಾಲ ಮೇಲೆ ತಾನು ಎಂದರ್ಥ. ಅವರ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ಅದಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಕೇಳಿದವರಿದ್ದರೆ ಬನ್ನಿ.

ನೀಲಿಕೊಡೆ

ಹೆಸರನ್ನು ಹೇಗೆ ಹೇಳಬೇಕು? ನಾನು ‘ಆ್ಯನಿ’ ಎಂದುಕೊಂಡಿದ್ದೆ. ಎಲ್ಲಿಂದ ಕೇಳಲು ಶುರು ಮಾಡಲಿ?

ಆರುತಂತಿ

ಆನಿ ಎಂದೇ ಹೇಳಬೇಕು. ನಮ್ಮ ‘ಆ’ ಸರಿಯಾಗಿ ಹೊಂದುತ್ತದೆ.

ಕೇಳಲು ಶುರು ಮಾಡುವುದಾದರೆ 1997ರ ‘ಲಿವಿಂಗ್ ಇನ್ ಕ್ಲಿಪ್’ ಸಂಗ್ರಹದಿಂದ. ಅದು ವೇದಿಕೆಯ ಮೇಲೆ ಮುದ್ರಿಸಿದ್ದು, ಎರಡು ಸಿ.ಡಿ.ಗಳಷ್ಟು ಉದ್ದ. ಸ್ಟುಡಿಯೊದಲ್ಲಿ ಮಾಡಿದ ಆಲ್ಬಮ್‌ಗಳಿಗಿಂತ ಅವರ ನಿಜವಾದ ಶಕ್ತಿ ತಿಳಿಯುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಹೆಚ್ಚು ಮಾರಾಟವಾದ ಆಲ್ಬಮ್‌ಗೆ ಕೊಡುವ ಗೋಲ್ಡ್ ದೃಢೀಕರಣ ಸಿಕ್ಕಿದ್ದೂ ಅದಕ್ಕೇ. ಅದಾದ ಮೇಲೆ 1995ರ ‘ನಾಟ್ ಎ ಪ್ರಿಟಿ ಗರ್ಲ್’, 1996ರ ‘ಡಿಲೇಟ್’.

ನಾನು ಗಿಟಾರ್ ಕಲಿಸುವವನು. ಆದ್ದರಿಂದ ಅವರ ಬಲಗೈಯ ಬಗ್ಗೆ ಹೇಳದೆ ಇರಲಾರೆ. ಸಾಮಾನ್ಯವಾಗಿ ಜಾನಪದ ಹಾಡುಗಾರರು ಗಿಟಾರನ್ನು ಸ್ವರದ ಹಾಸಿಗೆಯಂತೆ ಬಳಸುತ್ತಾರೆ. ಹಾಡು ಅದರ ಮೇಲೆ ಮಲಗಿಕೊಳ್ಳುತ್ತದೆ. ಆನಿಯವರು ಒಬ್ಬರೇ ಗದ್ದಲದ ಮದ್ಯದಂಗಡಿಗಳಲ್ಲಿ ಹಾಡಿ ಬೆಳೆದವರು. ಹರಟೆ ಹೊಡೆಯುತ್ತಿರುವ ಜನರ ಕಿವಿ ಹಿಡಿದು ತಿರುಗಿಸಬೇಕಾದರೆ ಗಿಟಾರೇ ಮೃದಂಗವೂ ಆಗಬೇಕು. ಅವರು ತಂತಿಯನ್ನು ಮೀಟುವುದಿಲ್ಲ, ಕೀಳುತ್ತಾರೆ. ತಂತಿ ಎದ್ದು ಮರಕ್ಕೆ ಬಡಿದ ಸದ್ದೇ ತಾಳ. ಹೆಬ್ಬೆರಳು ಮಂದ್ರದ ತಂತಿಯಲ್ಲಿ ಒಂದು ನಡೆ ಹಿಡಿದಿರುತ್ತದೆ, ಉಳಿದ ಬೆರಳುಗಳು ಅದರ ಎದುರು ಬೇರೆ ನಡೆಯಲ್ಲಿ ಓಡುತ್ತಿರುತ್ತವೆ, ನಡುವೆ ಅಂಗೈ ತಂತಿಗಳನ್ನು ಒತ್ತಿ ಸದ್ದನ್ನು ಕತ್ತರಿಸುತ್ತದೆ. ಇಷ್ಟು ಬಿರುಸಿಗೆ ಸ್ವಂತ ಉಗುರು ಉಳಿಯುವುದಿಲ್ಲ. ಕೃತಕ ಉಗುರುಗಳನ್ನು ಅಂಟಿಸಿ, ಅದರ ಮೇಲೆ ವಿದ್ಯುತ್ ಕೆಲಸದವರು ಬಳಸುವ ಕಪ್ಪು ಟೇಪನ್ನು ಸುತ್ತಿಕೊಂಡು ನುಡಿಸುತ್ತಾರೆ. ಹಳೆಯ ಫೋಟೊಗಳಲ್ಲಿ ಬೆರಳ ತುದಿಗಳೆಲ್ಲ ಕಪ್ಪಾಗಿ ಕಾಣುವುದು ಅದಕ್ಕೆ.

ತಂತಿಗಳ ಶ್ರುತಿಯನ್ನೂ ಹಾಡಿನಿಂದ ಹಾಡಿಗೆ ಬದಲಿಸುತ್ತಾರೆ. ನನ್ನ ವಿದ್ಯಾರ್ಥಿಗಳು ಅವರ ಹಾಡನ್ನು ಮಾಮೂಲು ಶ್ರುತಿಯಲ್ಲಿ ಹುಡುಕಿ ಹುಡುಕಿ ಸೋತು ಬರುತ್ತಾರೆ.

ಇದಕ್ಕೆ ದೇಹ ತೆರಿಗೆ ಕಟ್ಟಿತು. 2005ರ ಹೊತ್ತಿಗೆ ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಂಡು ಕೆಲಕಾಲ ಪ್ರವಾಸ ನಿಲ್ಲಿಸಬೇಕಾಯಿತು. ಆಮೇಲಿನ ಹಾಡುಗಳಲ್ಲಿ ಕೈ ಮೆತ್ತಗಾಗಿದೆ ಎಂದು ದೂರುವವರಿದ್ದಾರೆ. ನಾನು ದೂರುವುದಿಲ್ಲ. 2006ರ ‘ರಿಪ್ರೀವ್’ ಕೇಳಿ. ತಂತಿಗಳ ನಡುವೆ ಅವರು ಬಿಟ್ಟಿರುವ ಮೌನಕ್ಕೂ ಒಂದು ಲಯವಿದೆ.

ಲೆಕ್ಕದ ಪುಸ್ತಕ

ಕೆರೆದಂಡೆಯವರೇ, ‘ಬೇಡ ಎಂದರು’ ಎಂದು ಒಂದು ವಾಕ್ಯದಲ್ಲಿ ದಾಟಿ ಹೋಗಿದ್ದೀರಿ. ಅದರ ಬೆಲೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಲೆಕ್ಕಪರಿಶೋಧಕ, ಅದೇ ನನ್ನ ಕಸುಬು.

ದೊಡ್ಡ ಕಂಪನಿಯ ಒಪ್ಪಂದ ಎಂದರೆ ಬಹುಮಾನವಲ್ಲ, ಸಾಲ. ಮುಂಗಡ ಕೊಡುತ್ತಾರೆ. ಸ್ಟುಡಿಯೊ ಬಾಡಿಗೆಯನ್ನೂ ವಿಡಿಯೊ ಖರ್ಚಿನ ಒಂದು ಪಾಲನ್ನೂ ಗಾಯಕನ ಲೆಕ್ಕಕ್ಕೇ ಬರೆಯುವುದು ವಾಡಿಕೆ. ಆ ಸಾಲ ತೀರುವುದು ಮಾರಾಟದ ಪೂರ್ತಿ ಹಣದಿಂದ ಅಲ್ಲ, ಗಾಯಕನ ಸಣ್ಣ ಪಾಲಿನಿಂದ. ಲೆಕ್ಕ ಸುಲಭವಾಗಲೆಂದು ನಾನೇ ಅಂಕಿಗಳನ್ನು ಹಾಕಿಕೊಳ್ಳುತ್ತೇನೆ: ಆಲ್ಬಮ್ ಬೆಲೆ 10 ಡಾಲರ್, ಗಾಯಕನ ಪಾಲು 1 ಡಾಲರ್, ಗಾಯಕನ ಹೆಸರಿನಲ್ಲಿರುವ ಸಾಲ 1 ಲಕ್ಷ ಡಾಲರ್. ಹಾಗಾದರೆ 1 ಲಕ್ಷ ಪ್ರತಿ ಮಾರಾಟವಾಗುವ ತನಕ ಗಾಯಕನ ಕೈಗೆ ಹೊಸದಾಗಿ ಒಂದು ಕಾಸೂ ಬರುವುದಿಲ್ಲ. ಅಷ್ಟು ಹೊತ್ತಿಗೆ ಕಂಪನಿ 10 ಲಕ್ಷ ಡಾಲರ್ ವಹಿವಾಟು ನಡೆಸಿರುತ್ತದೆ. ಇನ್ನೂ ಕಹಿಯಾದದ್ದು ಇದು: ಸಾಲ ತೀರಿದ ಮೇಲೂ ಮೂಲ ಮುದ್ರಿಕೆ, ಅಂದರೆ ಮಾಸ್ಟರ್, ಕಂಪನಿಯದೇ. ಮನೆ ಸಾಲ ತೀರಿದರೆ ಮನೆ ನಮ್ಮದಾಗುತ್ತದೆ. ಇಲ್ಲಿ ಸಾಲ ತೀರಿಸಿದವನು ಒಬ್ಬ, ಮನೆಯ ಒಡೆಯ ಇನ್ನೊಬ್ಬ.

ಅದೇ 10 ಡಾಲರಿನ ಆಲ್ಬಮನ್ನು ಸ್ವಂತವಾಗಿ ಹೊರತಂದರೆ ತಯಾರಿಕೆಗೆ 2, ವಿತರಕರಿಗೂ ಅಂಗಡಿಗೂ 4 ಹೋದರೂ ಕೈಯಲ್ಲಿ 4 ಉಳಿಯುತ್ತದೆ. ಹಾಡಿದ ಜಾಗದಲ್ಲೇ ಮಾರಿದರೆ 8. ಸಣ್ಣ ಮಾರಾಟದಲ್ಲೂ ಹೊಟ್ಟೆ ತುಂಬುತ್ತದೆ. ಆದರೆ ಮಾರಾಟವಾಗದೆ ಉಳಿದ ಪೆಟ್ಟಿಗೆಗಳೂ ನಿಮ್ಮ ಮನೆಯಲ್ಲೇ ಉಳಿಯುತ್ತವೆ. ಅದನ್ನೂ ಹೇಳಬೇಕು.

ಸುಮಾರು 1997ರಲ್ಲಿ ಅಮೆರಿಕದ ಹಣಕಾಸು ಪತ್ರಿಕೆಗಳಿಗೆ ಇದು ದೊಡ್ಡ ಸುದ್ದಿಯಾಯಿತು. ಆ ಕಾಲದಲ್ಲಿ ಕೋಟಿಗಟ್ಟಲೆ ಮಾರಾಟವಾಗುತ್ತಿದ್ದ ‘ಹೂಟಿ ಅಂಡ್ ದ ಬ್ಲೋಫಿಶ್’ ತಂಡಕ್ಕಿಂತ ಈ ಹುಡುಗಿ ಒಂದು ಆಲ್ಬಮ್‌ಗೆ ಹೆಚ್ಚು ಗಳಿಸುತ್ತಾಳೆ, ಅವಳ ಎಲ್ಲ ಆಲ್ಬಮ್‌ಗಳು ಸೇರಿ ಏಳೂವರೆ ಲಕ್ಷ ಪ್ರತಿ ದಾಟಿವೆ ಎಂಬ ಅಂಕಿಗಳು ಓಡಾಡಿದವು. ‘ಮಿಜ್’ (Ms.) ಎಂಬ ಸ್ತ್ರೀವಾದಿ ಪತ್ರಿಕೆಯೂ ಅವರನ್ನು ಮೆಚ್ಚುವಾಗ ಇದೇ ಲೆಕ್ಕವನ್ನು ಮುಂದೆ ಮಾಡಿತು. ಆನಿಯವರು ಆ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಹಣದ ಲೆಕ್ಕದಿಂದ ನನ್ನನ್ನು ಅಳೆಯಬೇಡಿ, ನನ್ನ ಸಮಾಧಿಯ ಮೇಲೆ ಹಾಡು ಕಟ್ಟುವವಳು ಎಂದು ಬರೆಯಿರಿ, ಸಂಸ್ಥೆಯ ಮುಖ್ಯಸ್ಥೆ ಎಂದಲ್ಲ ಎಂಬುದು ಅದರ ತಾತ್ಪರ್ಯ. ಅಂಕಿಗಳನ್ನೇ ಉಸಿರಾಡುವ ನನಗೆ ಆ ಪತ್ರ ಓದಿದ ದಿನ ಕಣ್ಣು ತುಂಬಿ ಬಂದಿತ್ತು.

ಮುಂಗಾರು

ಎಲ್ಲರೂ ಹೊಗಳುತ್ತಿದ್ದೀರಿ. ಹಾಡುಗಳು ನನಗೂ ಇಷ್ಟ. ಆದರೆ ಒಬ್ಬಳೇ ನಿಂತಳು, ಗೆದ್ದಳು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ಅವರು ನಿಂತ ನೆಲವನ್ನು ಬೇರೆಯವರು ಮೊದಲೇ ಹದ ಮಾಡಿಟ್ಟಿದ್ದರು. 1973ರಲ್ಲಿ ಒಲಿವಿಯಾ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ಹೆಂಗಸರೇ ಸೇರಿ ಕಟ್ಟಿದರು. ಹಾಡುವವರೂ ಮುದ್ರಿಸುವವರೂ ಮಾರುವವರೂ ಹೆಂಗಸರೇ. ಅದರ ಸುತ್ತ ಉತ್ಸವಗಳು, ಪುಸ್ತಕದಂಗಡಿಗಳು, ಅಂಚೆ ಮೂಲಕ ಧ್ವನಿಸುರುಳಿ ಕಳಿಸುವ ವಿತರಕರು ಬೆಳೆದರು. ಉತ್ತರ ಕ್ಯಾರೊಲಿನಾದ ಲೇಡಿಸ್ಲಿಪ್ಪರ್ ಅಂಥದೊಂದು. ಆನಿಯವರ ಮೊದಲ ಧ್ವನಿಸುರುಳಿಗಳು ಈ ಕಾಲುದಾರಿಗಳಲ್ಲಿ ನಡೆದೇ ಊರೂರು ತಲುಪಿದವು. ಕೇಳುಗರೇ ಪ್ರತಿ ಮಾಡಿ ಗೆಳತಿಯರಿಗೆ ಹಂಚಿದರು.

ಇನ್ನೊಂದು. ಧ್ವನಿಸುರುಳಿ ಕೊಟ್ಟರೆ ಕೈಗೆ ನಗದು ಬರುತ್ತಿದ್ದ ಕಾಲವದು. ಈಗ ಮೊಬೈಲಿನಲ್ಲಿ ಹಾಡು ಹರಿದುಹೋಗುತ್ತದೆ, ಒಂದು ಸಲ ಕೇಳಿದರೆ ಪೈಸೆಯ ಲೆಕ್ಕ. 500 ಪ್ರತಿ ಮಾರಿ ಬದುಕು ಶುರು ಮಾಡುವುದು ಇಂದಿನ ಇಪ್ಪತ್ತರ ಹುಡುಗಿಗೆ ಸಾಧ್ಯವೇ?

ಕೆರೆದಂಡೆ

ಮುಂಗಾರು ಅವರೇ, ನಿಮ್ಮ ಮಾತು ಸರಿ, ನನ್ನ ಬರಹದಲ್ಲಿ ಆ ನೆಲ ಇರಬೇಕಿತ್ತು. ತಿದ್ದಿಕೊಂಡೆ. ಆದರೆ ಅವರು ಪಡೆದದ್ದನ್ನು ಮರೆತವರಲ್ಲ. ನ್ಯೂಯಾರ್ಕಿನ ನ್ಯೂ ಸ್ಕೂಲ್ ಎಂಬ ವಿಶ್ವವಿದ್ಯಾಲಯದಲ್ಲಿ ಅವರಿಗೆ ಕಾವ್ಯ ಕಲಿಸಿದವರು ಸೆಕು ಸುಂಡಿಯಾಟಾ ಎಂಬ ಕವಿ. ಮುಂದೆ ಆ ಗುರುವಿನ ಧ್ವನಿಮುದ್ರಿಕೆಯನ್ನು ಆನಿಯವರ ಸಂಸ್ಥೆಯೇ ಹೊರತಂದಿತು. ಯೂಟಾ ಫಿಲಿಪ್ಸ್ ಎಂಬ ವೃದ್ಧರಿದ್ದರು: ಸರಕು ರೈಲು ಹತ್ತಿ ದೇಶ ಸುತ್ತಿದವರು, ಕಾರ್ಮಿಕ ಸಂಘದವರು, ವೇದಿಕೆಯ ಮೇಲೆ ಕಥೆ ಹೇಳಿ ಹಾಡುತ್ತಿದ್ದವರು. ಅವರ ಕಥೆಗಳ ಹಳೆಯ ಮುದ್ರಿಕೆಗಳನ್ನು ತರಿಸಿಕೊಂಡು, ಅವುಗಳ ಕೆಳಗೆ ತಾಳ, ಗಿಟಾರ್ ಹಾಸಿ, 1996ರಲ್ಲಿ ‘ದ ಪಾಸ್ಟ್ ಡಿಡಂಟ್ ಗೋ ಎನಿವೇರ್’ ಎಂದು ಪ್ರಕಟಿಸಿದರು. ಕಾಲೇಜು ಹುಡುಗಿಯರ ಕಿವಿಗೆ ಆ ಮುದುಕರ ಮುಷ್ಕರದ ಕಥೆಗಳು ಬಿದ್ದವು. 1999ರಲ್ಲಿ ಇಬ್ಬರೂ ಸೇರಿ ಇನ್ನೊಂದು ಮಾಡಿದರು. ದೊಡ್ಡ ಕಂಪನಿಯ ಮೇಜಿನ ಮುಂದೆ ಆ ಯೋಜನೆಯನ್ನು ಇಟ್ಟಿದ್ದರೆ ಯಾರು ಹಣ ಹಾಕುತ್ತಿದ್ದರು? ನಾಳೆ ಯಾರನ್ನು ಕೇಳಿಸಬೇಕು ಎಂದು ತಾನೇ ತೀರ್ಮಾನಿಸುವ ಅಧಿಕಾರವೂ ಅವರ ಸ್ವಾತಂತ್ರ್ಯದ ಒಂದು ಭಾಗ. ಡಾಲರ್ ಲೆಕ್ಕಕ್ಕಿಂತ ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಸಂಪಿಗೆ

ಹದಿನೆಂಟು ವರ್ಷಗಳಿಂದ ಅವರ ಹಾಡು ಕೇಳುತ್ತಿದ್ದೇನೆ. ಪ್ರೀತಿಯಿಂದಲೇ ಒಂದು ನೋವಿನ ವಿಷಯ ಎತ್ತುತ್ತೇನೆ, ಬಿಟ್ಟರೆ ಕಥೆ ಅರ್ಧವಾಗುತ್ತದೆ. 2013ರ ಕೊನೆಯಲ್ಲಿ ಅವರು ಹಾಡು ಕಟ್ಟುವವರಿಗಾಗಿ ಒಂದು ಶಿಬಿರ ಘೋಷಿಸಿದರು. ಜಾಗ ಲೂಸಿಯಾನಾದ ನಾಟೊವೇ ಎಂಬ ಹಳೆಯ ತೋಟದ ಬಂಗಲೆ. ಅದು ಕಬ್ಬಿನ ತೋಟವಾಗಿತ್ತು. ಅಲ್ಲಿ ದುಡಿದು ಸತ್ತವರು ಗುಲಾಮರಾಗಿದ್ದ ಕಪ್ಪು ಜನ. ಜನಾಂಗ ದ್ವೇಷದ ವಿರುದ್ಧ ಇಷ್ಟು ವರ್ಷ ಹಾಡಿದವರಿಂದ ಇಂಥ ಆಯ್ಕೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕಪ್ಪು ಹೆಂಗಸರು ಮೊದಲು ಪ್ರಶ್ನಿಸಿದರು. ಆನಿಯವರು ಶಿಬಿರ ರದ್ದು ಮಾಡಿದರು, ಆದರೆ ಜೊತೆಗೆ ಬರೆದ ವಿವರಣೆ ಸಮರ್ಥನೆಯಂತಿತ್ತು. ಸಿಟ್ಟು ಇನ್ನೂ ಹೆಚ್ಚಿತು. ಕೆಲವು ದಿನಗಳ ನಂತರ ಎರಡನೆಯ ಪತ್ರದಲ್ಲಿ, ಚಿಕ್ಕದಾಗಿ, ನೇರವಾಗಿ ಕ್ಷಮೆ ಕೇಳಿದರು.

ಆ ವಾರ ನಾನು ಅವರ ಒಂದೂ ಹಾಡು ಕೇಳಲಿಲ್ಲ. ಒಳ್ಳೆಯದಕ್ಕೆ ತಾವೇ ಹಕ್ಕುದಾರರಾದವರು ತಪ್ಪಿಗೂ ತಾವೇ ಹಕ್ಕುದಾರರು. ಮೊದಲ ಪತ್ರವನ್ನು ಕಂಪನಿಯ ಪ್ರಚಾರ ವಿಭಾಗ ಬರೆಯಿತು ಎಂದು ಹೇಳುವ ಅವಕಾಶ ಅವರಿಗೆ ಇರಲಿಲ್ಲ.

ಕೆರೆದಂಡೆ

ಒಪ್ಪುತ್ತೇನೆ, ಸಂಪಿಗೆಯವರೇ. ಎರಡನೆಯ ಪತ್ರವೇ ಮೊದಲ ಪತ್ರವಾಗಬೇಕಿತ್ತು.

ನೀಲಿಕೊಡೆ

ಮೂರು ದಿನಗಳಿಂದ ‘ಲಿವಿಂಗ್ ಇನ್ ಕ್ಲಿಪ್’ ಕೇಳುತ್ತಿದ್ದೇನೆ. ನಡುನಡುವೆ ಅವರು ನಗುವುದು ನನಗೆ ಬಹಳ ಹಿಡಿಸಿತು. ಮಾತಾಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಹಾಡಿಗೆ ಜಿಗಿಯುತ್ತಾರೆ. ಇಂಥವರಿಗೆ ದೊಡ್ಡ ಪ್ರಶಸ್ತಿಗಳು ಬರಲಿಲ್ಲವೇ?

ಆರುತಂತಿ

ಗ್ರ್ಯಾಮಿಗೆ ಹಲವು ಬಾರಿ ನಾಮನಿರ್ದೇಶನವಾಗಿದೆ. ಗೆದ್ದದ್ದು 2004ರಲ್ಲಿ, 2003ರ ‘ಇವಾಲ್ವ್’ ಆಲ್ಬಮ್‌ನ ಹೊದಿಕೆಯ ವಿನ್ಯಾಸಕ್ಕೆ. ಆ ಹೊದಿಕೆಯ ವಿನ್ಯಾಸದಲ್ಲಿ ಅವರದೂ ಕೈಯಿತ್ತು. ಮಾರಾಟದ ಪಟ್ಟಿಯಲ್ಲಿ ‘ಡಿಲೇಟ್’ 87ನೆಯ ಸ್ಥಾನಕ್ಕೂ, 1998ರ ‘ಲಿಟ್ಲ್ ಪ್ಲಾಸ್ಟಿಕ್ ಕ್ಯಾಸಲ್’ 22ನೆಯ ಸ್ಥಾನಕ್ಕೂ ಏರಿದವು. ಬಫಲೊದ ಒಂದು ಸಣ್ಣ ಕಚೇರಿಯಿಂದ ಹೊರಟ ಆಲ್ಬಮ್‌ಗೆ ಇದು ಬಲು ದೊಡ್ಡದು. ಹೆಸರಾಂತ ಪಾಪ್ ಗಾಯಕ ಪ್ರಿನ್ಸ್ ಅವರಂಥ ಕಲಾವಿದರೇ 1999ರಲ್ಲಿ ಅವರನ್ನು ಕರೆಸಿ ತಮ್ಮ ಆಲ್ಬಮ್‌ನಲ್ಲಿ ಗಿಟಾರ್ ನುಡಿಸಿಕೊಂಡರು, ಅವರ ಆಲ್ಬಮ್‌ನಲ್ಲಿ ತಾವೂ ಹಾಡಿದರು. ಆ ಹೊತ್ತಿಗೆ ಪ್ರಿನ್ಸ್ ತಮ್ಮ ಹಾಡುಗಳ ಒಡೆತನಕ್ಕಾಗಿ ಕಂಪನಿಯೊಂದಿಗೆ ವರ್ಷಗಟ್ಟಲೆ ಹೋರಾಡಿ ಬಂದಿದ್ದರು.

ಸಂಪಿಗೆ

ನನಗೆ ಪ್ರಶಸ್ತಿಗಿಂತ ಹೆಚ್ಚಿನದು ‘ಹೇಡ್ಸ್‌ಟೌನ್’. ವರ್ಮಾಂಟಿನ ಅನಾಯಸ್ ಮಿಚೆಲ್ ಎಂಬ ಹಾಡುಗಾರ್ತಿ ಗ್ರೀಕ್ ಪುರಾಣದ ಆರ್ಫಿಯಸ್ ಕಥೆಯನ್ನು ಹಾಡುನಾಟಕವಾಗಿ ಕಟ್ಟಿದ್ದರು. 2010ರಲ್ಲಿ ಅದನ್ನು ಆಲ್ಬಮ್ ಆಗಿ ಹೊರತಂದದ್ದು ರೈಚಸ್ ಬೇಬ್. ಅದರಲ್ಲಿ ಪಾತಾಳದ ರಾಣಿ ಪರ್ಸಿಫನಿಯ ಹಾಡುಗಳನ್ನು ಹಾಡಿದವರು ಆನಿ. 2019ರಲ್ಲಿ ಆ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಭೂಮಿಯಾದ ಬ್ರಾಡ್‌ವೇ ತಲುಪಿ, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಗೆದ್ದಿತು. 2024ರಲ್ಲಿ, ಐವತ್ತಮೂರರ ವಯಸ್ಸಿನಲ್ಲಿ, ಆನಿಯವರು ಸ್ವತಃ ಬ್ರಾಡ್‌ವೇ ವೇದಿಕೆ ಹತ್ತಿ ಅದೇ ಪರ್ಸಿಫನಿಯಾದರು. ಬಹುಪಾಲು ತನ್ನ ಮಾತನ್ನೇ ಹಾಡಿದವರು ವಾರಕ್ಕೆ ಎಂಟು ಪ್ರದರ್ಶನಗಳಲ್ಲಿ ಇನ್ನೊಬ್ಬಳ ಮಾತನ್ನು, ಇನ್ನೊಬ್ಬರ ನಿರ್ದೇಶನದಲ್ಲಿ ಹಾಡಲು ಒಪ್ಪಿಕೊಂಡರು. ಅದೇ ವರ್ಷ ಹೊಸ ಆಲ್ಬಮ್ ಕೂಡ ಬಂತು.

ಹೊಸಹಾಡು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು ಧಾರವಾಡದವಳು, ಇಪ್ಪತ್ತೆರಡು ವರ್ಷ. ಕನ್ನಡದಲ್ಲಿ ಹಾಡು ಬರೆದು, ರಾಗ ಹಾಕಿ, ಗಿಟಾರ್ ಹಿಡಿದು ಹಾಡುತ್ತೇನೆ. ಹೋದ ತಿಂಗಳು ಒಂದು ಸಂಗೀತ ಕಂಪನಿಯವರು ಒಪ್ಪಂದ ಪತ್ರ ಕಳಿಸಿದರು. ಏಳು ಹಾಡುಗಳಿಗೆ ಒಂದು ಸಲದ ಹಣ. ಹಾಡಿನ ಸಾಹಿತ್ಯ, ರಾಗ, ಧ್ವನಿಮುದ್ರಣ ಎಲ್ಲವೂ ಶಾಶ್ವತವಾಗಿ, ಇಡೀ ಜಗತ್ತಿಗೆ, ಅವರ ಹೆಸರಿಗೆ. ಶುಕ್ರವಾರದೊಳಗೆ ಸಹಿ ಮಾಡಬೇಕು ಎಂದರು. ಅಪ್ಪ, ಬಂದ ಅವಕಾಶ ಬಿಡಬೇಡ ಎನ್ನುತ್ತಾರೆ. ಹಣ ನಮಗೆ ಬೇಕೇ ಬೇಕು. ಲೆಕ್ಕದ ಪುಸ್ತಕ ಸರ್, ಆನಿಯವರ ದೇಶದ ಮಾತು ಸರಿ, ಇಲ್ಲಿ ನನ್ನಂಥವಳಿಗೆ ದಾರಿ ಏನು?

ಲೆಕ್ಕದ ಪುಸ್ತಕ

ಮೊದಲು ಒಂದು ಮಾತು, ತಾಯಿ: ಶುಕ್ರವಾರದ ಗಡುವಿಗೆ ಹೆದರಬೇಡಿ. ಹಾಡು ನಿಮ್ಮದು, ಅವಸರ ಅವರದು. ನಾನು ವಕೀಲನಲ್ಲ, ಸಹಿಗೆ ಮೊದಲು ಹಕ್ಕುಸ್ವಾಮ್ಯ ತಿಳಿದ ವಕೀಲರಿಗೆ ಪತ್ರ ತೋರಿಸಿ.

ಹಾಡಿನಲ್ಲಿ ಹಕ್ಕು ಒಂದೇ ಅಲ್ಲ. ಸಾಹಿತ್ಯ ಒಂದು, ರಾಗಸಂಯೋಜನೆ ಒಂದು, ಧ್ವನಿಮುದ್ರಣ ಇನ್ನೊಂದು. ಅವರು ಕೇಳುತ್ತಿರುವುದು ಮೂರನ್ನೂ. ಧ್ವನಿಮುದ್ರಣಕ್ಕೆ ಅವರು ಹಣ ಹಾಕಿದರೆ ಅದರ ಹಕ್ಕಿನ ಬಗ್ಗೆ ಮಾತಾಡಬಹುದು. ಸಾಹಿತ್ಯವನ್ನೂ ರಾಗವನ್ನೂ ಏಕೆ ಕೊಡಬೇಕು ಎಂದು ಕೇಳಿ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅದರ ಪ್ರಕಾರ, ಹಕ್ಕನ್ನು ಬರೆದುಕೊಟ್ಟ ಮೇಲೂ ಧ್ವನಿಮುದ್ರಣದ ಬಳಕೆಯಿಂದ ಬರುವ ರಾಯಧನದಲ್ಲಿ (ರಾಯಲ್ಟಿ) ಸಾಹಿತಿಗೂ ಸಂಯೋಜಕರಿಗೂ ಹಕ್ಕು ಪಡೆದವರೊಂದಿಗೆ ಸಮಪಾಲು ಉಳಿಯುತ್ತದೆ. ಆ ಪಾಲನ್ನು ವಾರಸುದಾರರಿಗೆ ಅಥವಾ ರಾಯಧನ ವಸೂಲಿ ಮಾಡಿ ಹಂಚುವ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬಿಟ್ಟುಕೊಡಲು ಬರುವುದಿಲ್ಲ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದು ಕಾಯ್ದೆ ಭಾವಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಆದ್ದರಿಂದಲೇ ಅವರು ‘ಶಾಶ್ವತ’, ‘ಇಡೀ ಜಗತ್ತು’ ಎಂದು ಬರೆದಿದ್ದಾರೆ. ಆ ಎರಡು ಪದಗಳ ಮೇಲೆ ಬೆರಳಿಡಿ. 5 ವರ್ಷ ಎಂದು ತಿದ್ದಿ ಕಳಿಸಿ. ಏಳರ ಬದಲು ಎರಡು ಹಾಡು ಕೊಡುತ್ತೇನೆ ಎನ್ನಿ. ನಮ್ಮಲ್ಲಿ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಮಾನ ಮತ್ತು ಅದರ ನಂತರ 60 ವರ್ಷ ಇರುತ್ತದೆ. ನಿಮ್ಮ ಮೊಮ್ಮಕ್ಕಳ ಕಾಲದ ಆಸ್ತಿಯನ್ನು ಒಂದು ಶುಕ್ರವಾರದಲ್ಲಿ ತೀರ್ಮಾನಿಸಬೇಡಿ.

ಮುಂಗಾರು

ತಂಗಿ, ನಾನು ಮೊದಲು ಅನುಮಾನದ ಮಾತಾಡಿದವನು. ಆನಿಯವರ ದಾರಿಯಲ್ಲಿ ಇಂದಿಗೂ ನಡೆಯುವ ಭಾಗ ಒಂದಿದೆ: ಎದುರಿಗೆ ಕುಳಿತು ಕೇಳುವ ಜನ. ಅವರ ಬದುಕು ನಡೆದದ್ದು ರೇಡಿಯೊದಿಂದ ಅಲ್ಲ, ವರ್ಷವಿಡೀ ಊರೂರು ತಿರುಗಿ ಹಾಡಿದ್ದರಿಂದ. ಧಾರವಾಡದಲ್ಲಿ ಮನೆಯಂಗಳದಲ್ಲಿ ಕುಳಿತು ಸಂಗೀತ ಕೇಳುವ ಜನರಿಗೆ ಎಂದೂ ಬರವಿಲ್ಲ. ನಲವತ್ತು ಜನ ಸೇರಿದರೂ ಸಾಕು, ಅಲ್ಲಿಂದ ಶುರು ಮಾಡಿ.

ಹೊಸಹಾಡು

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಕಳೆಯಿತು. ಪರಿಚಯದ ವಕೀಲರೊಬ್ಬರು ಪತ್ರ ಓದಿದರು. ಎರಡು ಹಾಡು, 5 ವರ್ಷ, ಸಾಹಿತ್ಯ ಮತ್ತು ರಾಗ ನನ್ನ ಹೆಸರಿನಲ್ಲಿ ಎಂದು ತಿದ್ದಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಅಪ್ಪನಿಗೆ ಬೇಸರವಾಗಿತ್ತು. ನಿನ್ನೆ ರಾತ್ರಿ ಈ ಮಾತುಕತೆಯನ್ನೆಲ್ಲ ಓದಿ ಹೇಳಿದೆ. ಚರ್ಚಿನ ಕಥೆ ಬಂದಾಗ, ಇನ್ನೊಮ್ಮೆ ಓದು ಎಂದರು.

ಬರುವ ಭಾನುವಾರ ಸಂಜೆ ನಮ್ಮ ಓಣಿಯಲ್ಲಿ ಒಬ್ಬರ ಅಂಗಳದಲ್ಲಿ ಹಾಡುತ್ತಿದ್ದೇನೆ. ಆರುತಂತಿ ಸರ್, ಒಂದೂವರೆ ಗಂಟೆ ನುಡಿಸಿದರೆ ನನ್ನ ಉಗುರು ಒಡೆಯುತ್ತದೆ. ಆ ಕಪ್ಪು ಟೇಪನ್ನು ಹೇಗೆ ಸುತ್ತಬೇಕು?

ಆರುತಂತಿ

ಕೃತಕ ಉಗುರನ್ನು ನಿಮ್ಮ ಉಗುರಿಗಿಂತ ಸ್ವಲ್ಪವೇ ಮುಂದೆ ಚಾಚುವಂತೆ ಕತ್ತರಿಸಿ. ಬೆರಳು ಒಣಗಿರಬೇಕು, ಎಣ್ಣೆಯ ಪಸೆ ಇರಬಾರದು. ಟೇಪನ್ನು ಎಳೆಯದೆ, ಉಗುರಿನ ಬುಡದ ಮೇಲೆ ಎರಡು ಸುತ್ತು ಮಾತ್ರ. ಬಿಗಿ ಹೆಚ್ಚಾದರೆ ರಕ್ತ ಓಡುವುದಿಲ್ಲ, ಬೆರಳು ಜೋಮು ಹಿಡಿಯುತ್ತದೆ. ಬೆರಳಿನ ಗೆಣ್ಣಿನ ಮೇಲೆ ಸುತ್ತಬೇಡಿ, ಬೆರಳು ಮಡಚಲು ಬರಬೇಕು. ಶನಿವಾರವೇ ಒಮ್ಮೆ ಸುತ್ತಿಕೊಂಡು ಪೂರ್ತಿ ಹಾಡಿ ನೋಡಿ. ಮಣಿಕಟ್ಟು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಭಾನುವಾರ ಎಷ್ಟು ಗಂಟೆಗೆ? ನಾನು ಹುಬ್ಬಳ್ಳಿಯಲ್ಲಿದ್ದೇನೆ, ಬರುತ್ತೇನೆ.